ಶಟರಿನ ಹೊರಗೆ ಉಳಿದ ಚಪ್ಪಲಿಗಳು

ಶಟರ್ ಇಳಿಸಿದ್ದು ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಮಾತು ಕೇಳಿದವರೆಲ್ಲ ಅಲ್ಲಿಂದಲೇ ನನಗೆ ಬುದ್ಧಿ ಹೇಳಲು ಶುರು ಮಾಡುತ್ತಾರೆ. ಬೀದಿಯಲ್ಲಿ ಕತ್ತಿ ಹಿಡಿದವರು ಓಡಾಡುತ್ತಿರುವಾಗ ಅಂಗಡಿಯವನು ಶಟರ್ ಇಳಿಸದೆ ಆರತಿ ತಟ್ಟೆ ಹಿಡಿದುಕೊಂಡು ನಿಲ್ಲುತ್ತಾನೆಯೇ? ಇಳಿಸಲೇಬೇಕು. ನಾನು ಒಳಗಿದ್ದಿದ್ದರೆ ನಾನೂ ಒಂದು ಕೈ ಹಚ್ಚುತ್ತಿದ್ದೆ. ನನ್ನ ಸಿಟ್ಟು ಶಟರ್ ಇಳಿದದ್ದಕ್ಕಲ್ಲ, ಅದು ಮೇಲೆದ್ದ ನಂತರ ನಡೆದದ್ದಕ್ಕೆ.

ನನ್ನ ಗಂಡನಿಗೆ ಸುರಕ್ಷತೆ ಎಂದರೆ ಪ್ರಾಣ. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ವಿಭಾಗದಲ್ಲೇ ದುಡಿದು ನಿವೃತ್ತರಾದವರು. ಹೆಲ್ಮೆಟ್ ಹಾಕದವನನ್ನು, ಕೈಗವಸು ತೊಡದವನನ್ನು ಹಿಡಿದು ಬೈಯುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಬೈಸಿಕೊಳ್ಳಲು ನಾನೊಬ್ಬಳು ಉಳಿದೆ. ಗ್ಯಾಸಿನ ಕಿವಿ ತಿರುಗಿಸಿದ್ದೇನೆಯೇ ಎಂದು ನನ್ನ ಬೆನ್ನ ಹಿಂದೆ ಬಂದು ಮುಟ್ಟಿ ನೋಡುತ್ತಾರೆ. ಬಚ್ಚಲಿನಲ್ಲಿ ಜಾರಬಾರದೆಂದು ರಬ್ಬರಿನ ಹಾಸು, ಮೆಟ್ಟಿಲಿಗೆ ರಬ್ಬರಿನ ಅಂಚು. ಕೊನೆಗೆ ಅವರ ಹೊಸ ಕೊಲ್ಹಾಪುರಿ ಚಪ್ಪಲಿಗೂ ರಬ್ಬರು ಬಂತು. ತೊಗಲಿನ ಅಟ್ಟೆ ನುಣುಪು ನೆಲದ ಮೇಲೆ ಜಾರುತ್ತದೆಂದು ಯಾವುದೋ ಹಳೆಯ ಯಂತ್ರದ ಬೆಲ್ಟಿನಿಂದ ಎರಡು ತುಂಡು ಕತ್ತರಿಸಿ ಅಟ್ಟೆಗೆ ಅಂಟಿಸಿ, ಸುತ್ತಲೂ ಸಣ್ಣ ಮೊಳೆ ಹೊಡೆದರು. ಕರೀ ರಬ್ಬರಿನ ಮೇಲೆ ಶಂಕರಪಾಳಿ ತಿಂಡಿಯ ಹಾಗೆ ಓರೆ ಚೌಕದ ಗೆರೆಗಳಿದ್ದವು.

"ಚಂದಾನ ಚಪ್ಪಲಿಗೆ ಟ್ರ್ಯಾಕ್ಟರಿನ ಗಾಲಿ ಹಚ್ಚೀರಲ್ರಿ" ಎಂದೆ.

"ಬಿದ್ದು ಟೊಂಕಾ ಮುರಕೊಂಡಮ್ಯಾಲೆ ಚಂದಾ ತಗೊಂಡು ಏನ್ ಮಾಡ್ತೀ" ಎಂದರು. ಅದೂ ಸರಿಯೇ. ನನ್ನ ಗಂಡ ಹೇಳುವುದು ಯಾವಾಗಲೂ ಸರಿಯಾಗಿಯೇ ಇರುತ್ತದೆ. ಅವರ ಜೊತೆ ಸಂಸಾರ ಮಾಡುವುದರ ಕಷ್ಟವೇ ಅದು.

ಧಾರವಾಡದಲ್ಲಿ ಅವರ ತಂಗಿಯ ಮಗಳ ಮದುವೆ ಗೊತ್ತಾಗಿತ್ತು. ಬೀಗರಿಗೆ ಉಡುಗೊರೆ ಕೊಡುವ ಆಹೇರಿಯ ಸೀರೆಗಳನ್ನು ಪುಣೆಯಿಂದಲೇ ತರಬೇಕೆಂದು ತಂಗಿ ಫೋನಿನಲ್ಲಿ ಹಟ ಹಿಡಿದಳು. ಒಂದು ಶನಿವಾರ ಮುಂಜಾನೆ, ಬಿಸಿಲೇರುವ ಮೊದಲೇ, ಇಬ್ಬರೂ ಸ್ಕೂಟರಿನ ಮೇಲೆ ಹಳೆಯ ಪೇಟೆಯ ಸೀರೆ ಅಂಗಡಿಗೆ ಹೋದೆವು. ಇಂಥ ಅಂಗಡಿಗಳಲ್ಲಿ ನೆಲದ ತುಂಬ ಬಿಳಿ ಗಾದಿ ಹಾಸಿರುತ್ತಾರೆ. ಚಪ್ಪಲಿ ಹೊರಗೆ ಮೆಟ್ಟಿಲ ಬಳಿ ಬಿಟ್ಟು, ಒಳಗೆ ಕಾಲು ಮಡಚಿ ಕುಳಿತು ಸೀರೆ ನೋಡಬೇಕು. ಅಂಗಡಿಗೆ ಹತ್ತಿದ ಗೋಡೆಯಲ್ಲೇ ಒಂದು ಪುಟ್ಟ ಮಾರುತಿ ಗುಡಿ. ಶನಿವಾರ ಅಲ್ಲಿ ಎಕ್ಕೆಲೆಯ ಹಾರ ಮಾರುವ ಮುದುಕಿಯೊಬ್ಬಳು ಗೋಣಿಚೀಲ ಹಾಸಿಕೊಂಡು ಕುಳಿತು ಭಕ್ತರ ಚಪ್ಪಲಿಯನ್ನೂ ಕಾಯುತ್ತಾಳೆ. ಗುಡಿಯ ಚಪ್ಪಲಿ ಎಲ್ಲಿ ಮುಗಿದು ಸೀರೆ ಅಂಗಡಿಯ ಚಪ್ಪಲಿ ಎಲ್ಲಿ ಶುರುವಾಗುತ್ತದೆ ಎಂದು ಯಾರಿಗೂ ತಿಳಿಯದು.

ಪೇಟೆಯ ಆ ರಸ್ತೆಯಲ್ಲಿ ಒಂದು ದಿನ ಈ ಬದಿ, ಮರುದಿನ ಆ ಬದಿ ಗಾಡಿ ನಿಲ್ಲಿಸಬೇಕು. ತಪ್ಪು ಬದಿಗೆ ನಿಲ್ಲಿಸಿದರೆ ಪೊಲೀಸರ ಟೋಯಿಂಗ್ ಗಾಡಿ ಬಂದು ಎತ್ತಿಕೊಂಡು ಹೋಗುತ್ತದೆ. ಸರಿಯಾದ ಬದಿಯಲ್ಲಿ ಜಾಗ ಸಿಗದೆ ನಾವು ತಪ್ಪು ಬದಿಗೇ ನಿಲ್ಲಿಸಿದೆವು. ಅವರ ಸುರಕ್ಷತೆಗೂ ಪಾರ್ಕಿಂಗಿಗೂ ಸಂಬಂಧವಿಲ್ಲ. ಆದರೆ ಒಳಗೆ ಕುಳಿತ ಮೇಲೆ ಜೀವಕ್ಕೆ ಸಮಾಧಾನವಿಲ್ಲ. ನಾಕು ಸೀರೆ ಬಿಚ್ಚುವಷ್ಟರಲ್ಲಿ ನನ್ನನ್ನು ಎಬ್ಬಿಸಿದರು.

"ಟೋಯಿಂಗ್ ಗಾಡಿ ಬಂತೇನ ನೋಡಿ ಬಾ. ನನ್ನ ಮಣಕಾಲ ಹಿಡದಾವ, ಘಡಿಘಡಿ ಏಳ್ಲಿಕ್ಕಾಗೂದಿಲ್ಲ."

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿದೆ. ಸ್ಕೂಟರ್ ಇದ್ದಲ್ಲೇ ಇತ್ತು. ಸೀಟು ಬಿಸಿಯಾಗಬಾರದೆಂದು ಅದರ ಮೇಲೆ ಹಾಕಿದ್ದ ಟವೆಲ್ಲು ಜಾರಿತ್ತು, ಅದನ್ನು ಸರಿ ಮಾಡುತ್ತಿದ್ದೆ. ಆಗ ರಸ್ತೆಯ ಆ ತುದಿಯಿಂದ ಶಟರುಗಳು ಬೀಳುವ ಸದ್ದು ಶುರುವಾಯಿತು. ಒಂದಾದ ಮೇಲೊಂದು, ನಮ್ಮ ಕಡೆಗೇ ಬರುತ್ತಿತ್ತು. ಪೇಟೆಯವರಿಗೆ ಇದು ರೂಢಿ. ಯಾಕೆ ಎಂದು ಯಾರೂ ಕೇಳುವುದಿಲ್ಲ, ಪಕ್ಕದವನದು ಬಿದ್ದರೆ ತಮ್ಮದನ್ನೂ ಎಳೆಯುತ್ತಾರೆ. ಆಮೇಲೆ ಓಡುವ ಜನ ಕಂಡರು. ಅವರ ಹಿಂದೆ ಇನ್ನೂ ಮೀಸೆ ಬಲಿಯದ ಒಬ್ಬ ತರುಣ, ಚೌಕಡಿ ಅಂಗಿ ಹೆಗಲಿನಿಂದ ಹರಿದಿತ್ತು. ಅವನ ಹಿಂದೆ ಅವನದೇ ವಯಸ್ಸಿನ ಮೂವರು. ಅವರ ಕೈಯಲ್ಲಿ ಕಬ್ಬು ಕಡಿಯುವ ಕತ್ತಿ. ಇಲ್ಲಿಯವರು ಅದಕ್ಕೆ ಕೊಯ್ತಾ ಎನ್ನುತ್ತಾರೆ.

ಅಪಾಯ ಬಂದಾಗ ನೋಡುತ್ತ ನಿಲ್ಲಬಾರದು, ಬಾಗಿಲಿರುವ ಕಡೆ ಓಡಬೇಕು ಎಂದು ನನ್ನ ಗಂಡ ಊಟಕ್ಕೆ ಕುಳಿತಾಗಲೆಲ್ಲ ಹೇಳುತ್ತಿದ್ದರು. ಓಡಿದೆ. ನಾನು ಮೆಟ್ಟಿಲು ಮುಟ್ಟಿದಾಗ ನಮ್ಮ ಅಂಗಡಿಯ ಶಟರು ನನ್ನ ಮೊಣಕಾಲಿನ ಎತ್ತರಕ್ಕೆ ಇಳಿದಿತ್ತು. ಬಗ್ಗಿ ಅದರ ಅಂಚಿಗೆ ಕೈ ಹಾಕಿ "ರೀ, ನಾನ್ರೀ" ಎಂದೆ. ಒಳಗಿನಿಂದ ಅದೇ ಅಂಚನ್ನು ಹಿಡಿದ ಬೆರಳುಗಳು ಕಂಡವು. ಒಂದು ಬೆರಳಿನಲ್ಲಿ ಹವಳದ ಉಂಗುರ. ಸಿಟ್ಟು ಕಡಿಮೆಯಾಗಲೆಂದು ನಮ್ಮ ಅತ್ತೆ ತಮ್ಮ ಮಗನಿಗೆ ಮಾಡಿಸಿ ಹಾಕಿದ್ದು, ಮದುವೆಯಾದಾಗಿನಿಂದ ನಾನು ನೋಡುತ್ತ ಬಂದದ್ದು. ಅವರಿಗೆ ನನ್ನ ಕಾಲು ಕಂಡಿರಬೇಕು, ನನ್ನ ಇಳಕಲ್ ಸೀರೆಯ ಅಂಚು ಕಂಡಿರಬೇಕು. ಆ ಬೆರಳುಗಳು ಕೆಳಗೆ ಒತ್ತಿದವು. ನಾನು ಕೈ ಎಳೆದುಕೊಳ್ಳದಿದ್ದರೆ ಜಜ್ಜಿ ಹೋಗುತ್ತಿತ್ತು. ಶಟರು ನೆಲ ಮುಟ್ಟಿತು, ಒಳಗೆ ಚಿಲಕ ಬಿತ್ತು.

ಬಡಿದೆ. ಮತ್ತೆ "ರೀ" ಎಂದೆ. ಆ ಮರಾಠಿ ಪೇಟೆಯಲ್ಲಿ ಹಾಗೆ ಕರೆಯುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಮಣಕಾಲು ಹಿಡಿದವರು ಶಟರ್ ಎಳೆಯಲು ಮಾತ್ರ ಎದ್ದಿದ್ದರು.

ಮುದುಕಿ ಹಾರಗಳನ್ನು ಬಿಟ್ಟು ಯಾವಾಗಲೋ ಓಡಿಹೋಗಿದ್ದಳು. ಅವಳ ಗೋಣಿಚೀಲ ಖಾಲಿ ಬಿದ್ದಿತ್ತು. ಓಡಲು ನನಗೆ ಬೇರೆ ಬಾಗಿಲು ಉಳಿದಿರಲಿಲ್ಲ. ಶಟರಿಗೆ ಬೆನ್ನು ಹಚ್ಚಿ ಆ ಗೋಣಿಯ ಮೇಲೆ ಕುಳಿತೆ. ಪರ್ಸನ್ನು ಗೋಣಿಯ ಕೆಳಗೆ ತುರುಕಿದೆ, ತಾಳಿಯನ್ನು ಕುಪ್ಪಸದೊಳಗೆ ಸರಿಸಿದೆ, ತಲೆಯ ಮೇಲೆ ಸೆರಗು ಎಳೆದುಕೊಂಡು ಎದುರಿಗಿದ್ದ ಚಪ್ಪಲಿಗಳನ್ನು ಜೋಡಿ ಹಚ್ಚತೊಡಗಿದೆ. ಯಾರೂ ಕಲಿಸಿದ್ದಲ್ಲ. ಚಪ್ಪಲಿ ಕಾಯುವ ಮುದುಕಿಯ ಮುಖವನ್ನು ನಾನೇ ಎಂದೂ ನೋಡಿರಲಿಲ್ಲ, ಇವರೂ ನೋಡಲಾರರು ಎಂದು ಅನಿಸಿತು.

ಓಡಿ ಬಂದ ತರುಣ ನಮ್ಮ ಅಂಗಡಿಯ ಮೆಟ್ಟಿಲನ್ನೇ ಹತ್ತಿದ. ಬೇರೆ ಯಾವುದಾದರೂ ಮೆಟ್ಟಿಲು ಹತ್ತಬಾರದಿತ್ತೇ ಎಂದು ಈಗಲೂ ಒಮ್ಮೊಮ್ಮೆ ಅವನ ಮೇಲೆ ಸಿಟ್ಟು ಬರುತ್ತದೆ. ನನ್ನ ತಲೆಯ ಮೇಲೆಯೇ ಎರಡೂ ಕೈಯಿಂದ ಶಟರ್ ಬಡಿದ. "ಕಾಕಾ, ಉಘಡಾ" ಎಂದ. ತೆಗೆಯಿರಿ ಎಂದು. ಹೆಂಡತಿಗೆ ತೆರೆಯದ್ದು ಅವನಿಗೆ ತೆರೆಯಲಿಲ್ಲ. ಅವನು ನನ್ನತ್ತ ನೋಡಿದ. ನಾನು ಚಪ್ಪಲಿ ನೋಡುತ್ತಿದ್ದೆ.

ಮುಂದಿನದನ್ನು ನಾನು ಕಣ್ಣಿನಿಂದ ಕಡಿಮೆ ನೋಡಿದೆ, ಕಿವಿಯಿಂದ ಹೆಚ್ಚು ಕೇಳಿದೆ. ತೊಗರಿಯ ಕಟ್ಟಿಗೆ ಮುರಿಯುವಂಥ ಸದ್ದು. ಅವನು "ಆಯೀ" ಎಂದು ತಾಯಿಯನ್ನು ಕರೆದ, ಆಮೇಲೆ ಅದನ್ನೂ ಅನ್ನಲಿಲ್ಲ. ಅವರು ನಿಲ್ಲಿಸಲಿಲ್ಲ. ಸತ್ತವನನ್ನು ಮತ್ತೆ ಯಾಕೆ ಹೊಡೆಯುತ್ತಾರೆ ಎಂದು ನನಗೆ ತಿಳಿಯಲಿಲ್ಲ. ಒಬ್ಬ ಇದನ್ನೆಲ್ಲ ಫೋನಿನಲ್ಲಿ ಹಿಡಿಯುತ್ತ, ಸರಿ, ಈ ಕಡೆ ತಿರುಗು ಎಂದು ಇನ್ನೊಬ್ಬನಿಗೆ ಹೇಳುತ್ತಿದ್ದ. ನೆತ್ತರು ಮೆಟ್ಟಿಲಿಳಿದು ಚಪ್ಪಲಿಗಳ ಸಾಲಿಗೆ ಬಂತು. ನಾನು ಒಂದೊಂದೇ ಜೋಡಿಯನ್ನು ಎತ್ತಿ ಈಚೆಗೆ ಇಡುತ್ತ ಹೋದೆ, ಏಕೆಂದರೆ ಚಪ್ಪಲಿ ಕಾಯುವವಳು ಅದನ್ನೇ ಮಾಡುತ್ತಿದ್ದಳು. ಜಗಳ ಯಾವುದಕ್ಕೆಂದು ಆಮೇಲೆ ಗೊತ್ತಾಯಿತು. ಓಣಿಯ ಯಾವನೋ ದಾದಾನ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಯಾರ ಫೋಟೊ ದೊಡ್ಡದಾಗಿ ಬರಬೇಕು ಎಂಬುದಕ್ಕೆ.

ಫೋನು ಹಿಡಿದವನು ಕತ್ತಿಯ ತುದಿಯಿಂದ ಚಪ್ಪಲಿ ತೋರಿಸಿ ಕೇಳಿದ, ಇವು ಯಾರವು, ಒಳಗೆ ಜನ ಇದ್ದಾರೆಯೇ ಎಂದು. ಮರಾಠಿ ಶಾಲೆಯಲ್ಲಿ ಇಂಥ ಹುಡುಗರಿಗೇ ಭಾಗಾಕಾರ ಕಲಿಸಿ ನಿವೃತ್ತಳಾದವಳು ನಾನು. ಆದರೆ ಆಗ ಹೊರಟ ದನಿ ಟೀಚರಿನದಲ್ಲ. "ಗುಡಿಗೆ ಬಂದವರವು, ಮಗಾ. ಬಿಟ್ಟು ಓಡಿಹೋದರು" ಎಂದೆ ಅವನ ಭಾಷೆಯಲ್ಲೇ. ಒಳಗೆ ಯಾರೂ ಇಲ್ಲವೇ ಎಂದ. "ಶೇಟ್ ಇನ್ನೂ ಬಂದೇ ಇಲ್ಲ" ಎಂದೆ. ನನ್ನ ಬೆನ್ನಿಗೆ ಆತುಕೊಂಡ ತಗಡಿನ ಆಚೆ ಯಾರೋ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ನನ್ನ ಮಾತು ಅವರಿಗೆ ಕೇಳಿಸದೆ ಇರುತ್ತದೆಯೇ?

ಅವನು ನಂಬಿದ. ಹೊರಡಲು ತಿರುಗಿದ. ಆಗ ಮೂರನೆಯವನು, ಎಲ್ಲರಿಗಿಂತ ಹೆಚ್ಚು ಕತ್ತಿ ಬೀಸಿದವನು, ಕೆಳಗೆ ನೋಡಿದ. ಅವನ ಒಂದು ಕಾಲು ಬರಿದಾಗಿತ್ತು, ಇನ್ನೊಂದರ ಚಪ್ಪಲಿಯ ಉಂಗುಷ್ಠ ಕಿತ್ತಿತ್ತು. "ಆಜೀ, ನನ್ನ ಅಳತೆಯದು ಒಂದು ಕೊಡು" ಎಂದ. ಬಹಳ ಮರ್ಯಾದೆಯಿಂದ ಕೇಳಿದ. ಮನೆಯಲ್ಲಿ ಹಿರಿಯರಿರಬೇಕು.

ಕೈ ತಾನಾಗಿ ಹೋಯಿತೆಂದರೆ ಸುಳ್ಳಾಗುತ್ತದೆ. ಅಲ್ಲಿ ಗಂಡಸರ ಚಪ್ಪಲಿ ಬೇರೆಯೂ ಇದ್ದವು. ನಾನು ಆರಿಸಿ ನನ್ನ ಗಂಡನ ಕೊಲ್ಹಾಪುರಿ ಎತ್ತಿ ಕೊಟ್ಟೆ. ಅವನು ಹಾಕಿಕೊಂಡು ನೆಲಕ್ಕೆ ಒಮ್ಮೆ ಒತ್ತಿ ನೋಡಿದ. ನೆತ್ತರಿನ ಮೇಲೆ ಅದು ಒಂದಿಷ್ಟೂ ಜಾರಲಿಲ್ಲ. ಕರ್ ಕರ್ ಎನ್ನುತ್ತ ನಡೆದು ಹೋದ.

ಬಹಳ ಹೊತ್ತು ಶಟರು ಮೇಲೇಳಲಿಲ್ಲ. ಪೊಲೀಸರ ಸೀಟಿ ಕೇಳಿದ ಮೇಲೆ ಎದ್ದಿತು. ಮೊದಲು ಅಂಗಡಿಯ ಶೇಟ್ ಬಂದ, ಮೆಟ್ಟಿಲು ನೋಡಿ ನೀರು ತರಲು ಹೇಳಿದ, ಪೊಲೀಸ್ ಬೈದದ್ದಕ್ಕೆ ಸುಮ್ಮನಾದ. ಒಳಗೆ ನಮ್ಮ ಪಕ್ಕ ಕುಳಿತು ಹಸಿರು ಪೈಠಣಿ ಸೀರೆ ನೋಡುತ್ತಿದ್ದ ಹೆಂಗಸೊಬ್ಬಳು ತನ್ನ ಚಪ್ಪಲಿಯನ್ನು ಹುಡುಕಿ, ನನ್ನನ್ನು ಮುದುಕಿಯೆಂದೇ ತಿಳಿದು, ಎಲ್ಲ ಯಾಕೆ ಕಲೆಸಿದ್ದೀಯ ಎಂದು ಗದರಿದಳು. ಅವಳ ಹಿಂದೆ ನನ್ನ ಗಂಡ ಬಂದರು. ನನ್ನ ಮುಖ ನೋಡಿದರು. ಹೆಣವನ್ನು ನೋಡಿದರು. ಆಮೇಲೆ ನೆಲ ನೋಡಿದರು.

"ನನ್ನ ಚಪ್ಪಲಿ ಎಲ್ಲ್ಯಾವ?" ಎಂದರು.

"ಅವ ಹಾಕ್ಕೊಂಡ ಹೋದ" ಎಂದೆ.

ಯಾರು ಎಂದು ಕೇಳಲಿಲ್ಲ. ಪೊಲೀಸರು ಒಳಗಿನಿಂದ ಬಂದವರ ಹೆಸರು, ನಂಬರು ಬರೆದುಕೊಂಡರು, ಗೋಣಿಯ ಮೇಲೆ ಕುಳಿತವಳನ್ನು ಕೇಳಲಿಲ್ಲ. ಇವರು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಸ್ಕೂಟರು ನಿಲ್ಲಿಸಿದಲ್ಲೇ ಇತ್ತು, ಯಾರೂ ಎತ್ತಿಕೊಂಡು ಹೋಗಿರಲಿಲ್ಲ. ಬರಿಗಾಲಲ್ಲಿ ಡಾಂಬರು ಸುಡುತ್ತದೆಂದು ದಾರಿಯುದ್ದಕ್ಕೂ ಸಿಗ್ನಲ್ಲಿನಲ್ಲಿ ಕಾಲೆತ್ತಿ ಕಾಲಿಡುತ್ತಿದ್ದರು. ನಾನು ಅವರ ಹೆಗಲು ಹಿಡಿಯದೆ ಹಿಂದಿನ ಕಂಬಿ ಹಿಡಿದು ಕುಳಿತೆ.

ಮನೆಗೆ ಬಂದು ಚಹಾ ಮಾಡಿಕೊಟ್ಟೆ. ಅವರು ಏನಾದರೂ ಅನ್ನಲಿ ಎಂದು ಕಾದೆ. "ಹೆದರಿಕೆಯಾಯಿತು, ಕೈ ನನ್ನ ಮಾತು ಕೇಳಲಿಲ್ಲ" ಎಂದಿದ್ದರೆ ಸಾಕಿತ್ತು. ನಾನು ಅಳುತ್ತಿದ್ದೆ, ಬಹುಶಃ ಅವರೂ ಅಳುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಅವರು ಬಸಿಯಲ್ಲಿ ಚಹಾ ಕುಡಿದು ತಂಗಿಗೆ ಫೋನು ಹಚ್ಚಿದರು. "ಆರಾಮ ಇದ್ದೇವು. ಶಟರ್ ನಾನ ಎಳದೆ. ಎಲ್ಲಾರೂ ಒಳಗ ಇದ್ವಿ. ಹೂಂ, ಇಕೀನೂ ಒಳಗ ಇದ್ಲು" ಎಂದರು.

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅವರು ನನ್ನನ್ನು ನೋಡಿಯೇ ಅಂದರು.

ಹೊರಗೆ ಹಾಕಿದ್ದನ್ನು ನಾನು ಕ್ಷಮಿಸಬಲ್ಲೆ. ಅದು ಜೀವ ಹೋಗುವ ಭಯದಲ್ಲಿ ಆದದ್ದು. ಆದರೆ ಚಹಾ ಕುಡಿದು, ಮೀಸೆ ಒರಸಿಕೊಂಡು, ತಂಪಾಗಿ ಕುಳಿತು ನನ್ನನ್ನು ಒಳಗೆ ತಂದು ಕೂರಿಸಿದ್ದನ್ನು ನನ್ನಿಂದ ನುಂಗಲಾಗಲಿಲ್ಲ. ನಾನು ಆ ಗೋಣಿಯ ಮೇಲೆ ಕುಳಿತದ್ದೇ ಇಲ್ಲವೆಂದಾಯಿತು. ಆ ತರುಣ ನನ್ನತ್ತ ನೋಡಿದ್ದೂ ಇಲ್ಲ.

ಸುದ್ದಿ ಹಬ್ಬಿತು. ನಮ್ಮ ಹೌಸಿಂಗ್ ಸೊಸೈಟಿಯವರು ಅವರನ್ನು ಕರೆದು, ಇಂಥ ದಾಳಿಯಾದಾಗ ಜೀವ ಉಳಿಸಿಕೊಳ್ಳುವುದು ಹೇಗೆ ಎಂದು ಹೇಳಿಕೊಡಿ ಎಂದರು. ಭಾನುವಾರ ಮುಂಜಾನೆ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿಸಿ ಮೈಕು ಕೊಟ್ಟರು. ನಾನು ಎರಡನೆಯ ಸಾಲಿನಲ್ಲಿ ಕುಳಿತೆ. ಇಸ್ತ್ರಿಯ ಅಂಗಿ ತೊಟ್ಟು, ಶುದ್ಧ ಮರಾಠಿಯಲ್ಲಿ, ಕಾರ್ಖಾನೆಯ ಕಾಲದ ಗತ್ತಿನಲ್ಲಿ ಹೇಳಿದರು: ಮೊದಲು ಬಾಗಿಲು ಮುಚ್ಚಿ. ದೀಪ ಆರಿಸಿ. ಫೋನಿನ ದನಿ ತೆಗೆಯಿರಿ. ಹೊರಗಿನಿಂದ ಯಾರೇ ಬಡಿದರೂ ತೆರೆಯಬೇಡಿ, ಯಾರ ದನಿ ಎಂದು ಯೋಚಿಸುತ್ತ ಕೂರಬೇಡಿ, ಒಬ್ಬರಿಗೆ ತೆರೆದರೆ ಎಲ್ಲರೂ ಸಾಯುತ್ತೀರಿ. ನಾನು ಹೆಂಡತಿಯನ್ನು ಹಿಂದಕ್ಕೆ ಕೂರಿಸಿ ಮೊದಲು ಶಟರಿಗೆ ಕೈ ಹಾಕಿದೆ.

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಪಕ್ಕದ ಮನೆಯಾಕೆ ನನ್ನ ತೊಡೆ ತಟ್ಟಿ, ಪುಣ್ಯವಂತೆ ನೀನು ಎಂದಳು. ಅವರು ಹೇಳಿದ ಮಾತುಗಳೆಲ್ಲ ಸರಿಯಾಗಿದ್ದವು, ಹೆಂಡತಿಯದೊಂದನ್ನು ಬಿಟ್ಟು. ಚಪ್ಪಲಿ ಒಳಗೆ ತೆಗೆದುಕೊಳ್ಳಿ ಎಂಬ ಮಾತು ಮಾತ್ರ ಅವರಿಗೆ ಹೊಳೆಯಲಿಲ್ಲ. ಒಳಗಿದ್ದವರನ್ನೆಲ್ಲ ಕೊಲ್ಲಿಸಬಹುದಾಗಿದ್ದದ್ದು ಅದೇ ಚಪ್ಪಲಿಯ ಸಾಲು. ಅದನ್ನು ತಿಳಿಯಬೇಕಾದರೆ ಹೊರಗೆ ಕುಳಿತಿರಬೇಕಿತ್ತು.

ಕೆಲವು ದಿನಗಳಲ್ಲಿ ಪೊಲೀಸ್ ಚೌಕಿಯಿಂದ ಕರೆ ಬಂತು. ಮೂವರೂ ಸಿಕ್ಕಿದ್ದರು. ಫೋನನ್ನು ಮುರಿದು ನದಿಗೆ ಎಸೆದಿದ್ದರು. ಕತ್ತಿ ಬೀಸಿದವನು ತಾನು ಆ ದಿನ ಲೋಣಾವಳಾದಲ್ಲಿದ್ದೆ ಎನ್ನುತ್ತಿದ್ದಾನೆ, ಕಂಡವರು ಯಾರೂ ಇಲ್ಲ, ಅಂಗಡಿಗಳೆಲ್ಲ ಮುಚ್ಚಿದ್ದವು, ಅವನ ಹತ್ತಿರ ಒಂದು ಚಪ್ಪಲಿಯ ಜೋಡಿ ಮಾತ್ರ ಸಿಕ್ಕಿದೆ, ಬಂದು ನೋಡಿ ಹೋಗಿ ಎಂದರು. ಮುದುಕಿ ಅವತ್ತಿನಿಂದ ಆ ಗುಡಿಯ ಕಡೆ ಬಂದೇ ಇರಲಿಲ್ಲ. ದಾರಿಯಲ್ಲಿ ನನ್ನ ಗಂಡ ಹೇಳಿದರು: "ನಾವು ಒಳಗ ಇದ್ವಿ, ಏನೂ ಕಂಡಿಲ್ಲ ಅಂತ ಹೇಳೂಣು. ಇವ್ರು ನಾಳೆ ಹೊರಗ ಬರೋ ಮಂದಿ. ನಮ್ಮ ಮನಿ ಅದ, ಜೀವ ಅದ." ಇದೂ ಸರಿಯೇ.

ಚೌಕಿಯ ಹೊರಗೆ ಬೆಂಚಿನ ಮೇಲೆ ಸತ್ತ ತರುಣನ ತಾಯಿ ಕುಳಿತಿದ್ದಳು. ಯಾರದೋ ಮನೆಯ ಪಾತ್ರೆ ತಿಕ್ಕಿ ನೇರವಾಗಿ ಬಂದಂತೆ ಸೆರಗಿನ ತುದಿ ಒದ್ದೆಯಾಗಿತ್ತು. ಒಳಗೆ ಹೋಗುವವರನ್ನೂ ಬರುವವರನ್ನೂ ಒಂದೇ ಮಾತು ಕೇಳುತ್ತಿದ್ದಳು, ನೀವು ನೋಡಿದಿರಾ ಎಂದು. ಶೇಟ್ ಇಲ್ಲ ಎಂದು ದಾಟಿ ಹೋದ. ಪೈಠಣಿಯವಳು ಇಲ್ಲ ಎಂದಳು. ನನ್ನ ಗಂಡ ಕತ್ತು ಅಲ್ಲಾಡಿಸಿದರು. ನನ್ನನ್ನು ಕೇಳಿ, ನನ್ನ ಮುಖ ನೋಡಿ, ಅವಳು ಎದ್ದು ನಿಂತಳು. ಬಾಗಿಲ ತನಕ ಹಿಂದೆಯೇ ಬಂದಳು.

ಚೌಕಿಯ ಸಾಹೇಬರು ಚಪ್ಪಲಿಗಳನ್ನು ಮೇಜಿನ ಮೇಲೆ ಇಟ್ಟು ಅಂಗಾತ ತಿರುವಿದರು. ಕರೀ ರಬ್ಬರು, ಶಂಕರಪಾಳಿಯ ಗೆರೆಗಳು, ಸುತ್ತಲೂ ಸಣ್ಣ ಮೊಳೆ. ಗೆರೆಗಳ ನಡುವೆ ಕಂದು ಬಣ್ಣ ಒಣಗಿ ಕೂತಿತ್ತು. ನನ್ನ ಗಂಡ ಬಗ್ಗಿ ನೋಡಿದರು. ತಾವೇ ಹೊಡೆದ ಮೊಳೆಗಳನ್ನು ಒಂದೊಂದಾಗಿ ನೋಡಿದರು.

"ನನ್ನವಲ್ಲ" ಎಂದರು ಮರಾಠಿಯಲ್ಲಿ. "ನಾನು ಒಳಗಿದ್ದೆ. ಹೆಂಡತಿಯೂ ನನ್ನ ಜೊತೆಗೇ ಒಳಗಿದ್ದಳು."

ಸಾಹೇಬರು ನನ್ನ ಕಡೆ ತಿರುಗುವ ಮೊದಲೇ ಅವರು ಕನ್ನಡದಲ್ಲಿ ಮೆಲ್ಲಗೆ, "ಹೂಂ ಅನ್ನು, ಮನಿಗೆ ಹೋಗೂಣು" ಎಂದರು. ಹೊರಗಿನವರಿಗೆ ತಿಳಿಯಬಾರದ್ದನ್ನೆಲ್ಲ ನಾವು ಈ ಊರಿನಲ್ಲಿ ಹೀಗೆಯೇ ಮಾತಾಡಿಕೊಳ್ಳುತ್ತ ಬಂದವರು. ತರಕಾರಿಯವನ ಮುಂದೆ, ಡಾಕ್ಟರರ ಮುಂದೆ, ಬೀಗರ ಮುಂದೆ. ನಾನೂ ಯಾವಾಗಲೂ ಕನ್ನಡದಲ್ಲೇ ಹೂಂ ಎಂದವಳು.

ನಾನು ಮರಾಠಿಯಲ್ಲಿ ಹೇಳಿದೆ, ಬಾಗಿಲಲ್ಲಿ ನಿಂತವಳಿಗೂ ಕೇಳುವಂತೆ. "ನಾನು ಹೊರಗಿದ್ದೆ. ಚಪ್ಪಲಿ ಇವರವೇ. ಕಡಿದವನಿಗೆ ನಾನೇ ಎತ್ತಿ ಕೊಟ್ಟೆ. ಅವನ ಮುಖ ತೋರಿಸಿ, ಹೇಳುತ್ತೇನೆ."

ಬಾಗಿಲಲ್ಲಿ ನಿಂತಿದ್ದವಳು ಅಲ್ಲೇ ಕುಸಿದು ಕುಳಿತಳು. ಸಾಹೇಬರು ನಂಬಲಿಲ್ಲ. ಹೊರಗೆ ಯಾರೂ ಉಳಿದಿರಲಿಲ್ಲವೆಂದು ಎಲ್ಲರೂ ಹೇಳಿದ್ದಾರಲ್ಲ ಬಾಯಿಯವರೇ, ನಿಮ್ಮ ಗಂಡ ಒಳಗಿರುವಾಗ ನಿಮ್ಮನ್ನು ಹೊರಗೆ ಬಿಟ್ಟು ಶಟರ್ ಎಳೆದವರು ಯಾರು ಎಂದು ಕೇಳಿದರು.

"ಮುಖ ಕಾಣಲಿಲ್ಲ ಸಾಹೇಬ್ರೆ" ಎಂದೆ. "ಬೆರಳು ಕಂಡವು. ಒಂದರಲ್ಲಿ ಹವಳದ ಉಂಗುರ ಇತ್ತು."

ಸಾಹೇಬರು ಮೇಜಿನ ಮೇಲಿದ್ದ ಕೈಗಳನ್ನು ನೋಡಿದರು. ನನ್ನ ಗಂಡ ತಮ್ಮ ಕೈಯನ್ನು ಮೇಜಿನ ಕೆಳಗೆ ಇಳಿಸಿದರು.